ಚರ್ಮದ ಮಡಿಕೆಗಳ ಉರಿ-ನವೆ: ತಡೆಯುವ ಬಗೆ, ತಣಿಸುವ ಬಗೆ

ಊರು ಬಿಟ್ಟು ಮಹಾನಗರವನ್ನು ಸೇರಿದ ನಮ್ಮಂಥವರು ಭಾಷೆ, ಊಟ, ನೆರೆಹೊರೆಗಳ ಬದಲಾವಣೆಯನ್ನು ಕುರಿತು ಆಗಾಗ ಮಾತನಾಡುವುದುಂಟು. ಆದರೆ ಹವೆಯ ಬದಲಾವಣೆಯನ್ನು ಕುರಿತ ನಮ್ಮ ಮಾತು "ಏನು ಸೆಕೆ!" ಎಂಬಲ್ಲಿಗೆ ಮುಗಿದುಹೋಗುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಗಳ ಬೇಸಗೆ ಎಷ್ಟೇ ಬಿಸಿಯಾಗಿದ್ದರೂ ಅಲ್ಲಿನ ಗಾಳಿ ಒಣಗಾಳಿ. ಮೈಮೇಲಿನ ಬೆವರು ಬೇಗನೆ ಆರಿಹೋಗುತ್ತದೆ. ಮುಂಬಯಿಯಲ್ಲಿ ಹಾಗಲ್ಲ. ಕಡಲಿನ ತೇವವನ್ನು ಹೊತ್ತ ಗಾಳಿಯಲ್ಲಿ ಬೆವರಿಗೆ ಆರುವ ದಾರಿಯೇ ಇಲ್ಲ. ಜುಲೈ ಒಂದೇ ತಿಂಗಳಿನಲ್ಲಿ ಇಲ್ಲಿ ಸರಾಸರಿ 800 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಒಗೆದು ಹರವಿದ ಬಟ್ಟೆ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಅದನ್ನೇ ಉಟ್ಟು, ಲೋಕಲ್ ಗಾಡಿಯ ಜನಸಂದಣಿಯಲ್ಲಿ ಒಂದು ಗಂಟೆ ನಿಂತು, ಒದ್ದೆ ಬೂಟಿನಲ್ಲಿ ದಿನವಿಡೀ ದುಡಿದು ಮರಳುವವರ ಚರ್ಮ ಪಡುವ ಪಾಡನ್ನು ಬೇರೆ ವಿವರಿಸಬೇಕಿಲ್ಲ.

ಇಂಥ ಹವೆಯಲ್ಲಿ ಬಹು ಜನರನ್ನು ಕಾಡುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ತೊಂದರೆಯೆಂದರೆ ಚರ್ಮದ ಮಡಿಕೆಗಳಲ್ಲಿ ಏಳುವ ಕೆಂಪು, ಉರಿ ಮತ್ತು ನವೆ. ಕಂಕುಳು, ಸ್ತನಗಳ ಕೆಳಭಾಗ, ಹೊಟ್ಟೆಯ ಮಡಿಕೆ, ತೊಡೆಸಂದು, ಪೃಷ್ಠದ ಸಂದು, ಕಾಲ್ಬೆರಳುಗಳ ನಡುವಣ ಜಾಗ, ಎಳೆಗೂಸುಗಳ ಕುತ್ತಿಗೆ, ಇವೇ ಅದರ ನೆಲೆಗಳು. ವೈದ್ಯಕೀಯದಲ್ಲಿ ಇದನ್ನು ‘ಇಂಟರ್‌ಟ್ರೈಗೊ’ ಎನ್ನುತ್ತಾರೆ. ‘ನಡುವೆ’ ಮತ್ತು ‘ಉಜ್ಜು’ ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳಿಂದ ಬಂದ ಈ ಹೆಸರು ರೋಗದ ಮೂಲವನ್ನೇ ಸಾರುತ್ತದೆ.

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕಪತ್ರಗಳನ್ನು ನೋಡುವವನು. ಆದರೂ ಈ ವಿಷಯವನ್ನು ಕುರಿತು ಬರೆಯಲು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ ಕಾರಣವಾಗಿದೆ.

ಒಂದು ಮಳೆಗಾಲದ ಪಾಠ

ಕೆಲವು ವರ್ಷಗಳ ಹಿಂದೆ, ಎಪ್ಪತ್ತರ ಸಮೀಪದ ನಮ್ಮ ತಾಯಿಯವರು ಧಾರವಾಡದಿಂದ ನಮ್ಮಲ್ಲಿಗೆ ಬಂದು ನಿಂತರು. ಜೂನ್ ಕಳೆಯುವಷ್ಟರಲ್ಲಿ ಅವರು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದುದನ್ನು ಕಂಡು ವಿಚಾರಿಸಿದೆ. "ಏನಿಲ್ಲಪಾ, ಸೆಕಿಗೆ ಬೆವರುಸಾಲಿ ಎದ್ದಾವ. ಯಾವುದರ ಮುಲಾಮು ತಂದುಕೊಡು, ಸಾಕು" ಎಂದರು. ಎಲ್ಲಿ ಎದ್ದಿದೆಯೆಂದು ಅವರು ಹೇಳಲಿಲ್ಲ. ಕೇಳಲು ನನಗೂ ಬಾಯಿ ಬರಲಿಲ್ಲ. ಔಷಧದಂಗಡಿಯವನು ವೈದ್ಯರ ಚೀಟಿಯನ್ನು ಕೇಳದೆ ಒಂದು ಟ್ಯೂಬನ್ನು ಕೊಟ್ಟ. ಮೂರು ದಿನಗಳಲ್ಲಿ ತಾಯಿಯವರ ನವೆ ಇಳಿಯಿತು. ಹತ್ತು ದಿನಗಳಲ್ಲಿ ಮರಳಿ ಬಂತು. ಮತ್ತೊಂದು ಟ್ಯೂಬ್, ಮತ್ತೆ ಮೂರು ದಿನಗಳ ಶಮನ. ಹೀಗೆ ಆರು ವಾರಗಳು ಕಳೆದವು.

ಒಂದು ದಿನ ಒಗೆಯಲು ಹಾಕಿದ ಕುಪ್ಪಸದಲ್ಲಿ ರಕ್ತಮಿಶ್ರಿತ ಕಲೆಯನ್ನು ನನ್ನ ಪತ್ನಿ ಕಂಡಳು. ಅತ್ತೆಯವರನ್ನು ಒತ್ತಾಯಿಸಿ ನೋಡಿದಾಗ, ಎರಡೂ ಸ್ತನಗಳ ಕೆಳಗೆ ಚರ್ಮ ಕಿತ್ತು ಹಸಿಯಾಗಿ, ಅಲ್ಲಲ್ಲಿ ಸೀಳಿತ್ತು. ಚರ್ಮರೋಗ ತಜ್ಞೆಯೊಬ್ಬರು ಪರೀಕ್ಷಿಸಿ, ಮೊದಲು ಟ್ಯೂಬನ್ನು ತರಿಸಿ ನೋಡಿದರು. ಅನಂತರ ರಕ್ತದ ಸಕ್ಕರೆಯನ್ನು ಪರೀಕ್ಷಿಸಲು ಬರೆದುಕೊಟ್ಟರು. ಟ್ಯೂಬಿನಲ್ಲಿದ್ದುದು ತೀವ್ರತರದ ಸ್ಟಿರಾಯ್ಡ್. ರಕ್ತದಲ್ಲಿದ್ದುದು, ಅದುವರೆಗೆ ನಮಗಾರಿಗೂ ತಿಳಿಯದಿದ್ದ ಮಧುಮೇಹ. ಶಿಲೀಂಧ್ರದಿಂದಾದ ರೋಗವನ್ನು ನಾನು ನನ್ನ ಕೈಯಾರೆ ತಂದ ಮುಲಾಮಿನಿಂದಲೇ ಪೋಷಿಸಿದ್ದೆ. ಸರಿಯಾದ ಚಿಕಿತ್ಸೆಯಿಂದ ಗಾಯ ಒಂದು ತಿಂಗಳಲ್ಲಿ ಮಾಯಿತು. ಸಕ್ಕರೆಯೂ ಹತೋಟಿಗೆ ಬಂತು. ಆದರೆ ತೆಳುವಾದ ಆ ಚರ್ಮದ ಮೇಲಿನ ಗೀರುಗಳು ಇಂದಿಗೂ ಹೋಗಿಲ್ಲ.

ಅಂದಿನಿಂದ ಈ ವಿಷಯದಲ್ಲಿ ವೈದ್ಯರಿಂದ ಕೇಳಿ, ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಡಿಕೆಗಳಲ್ಲಿಯೇ ಏಕೆ?

ಚರ್ಮದ ಹೊರಪದರವು ಶರೀರದ ಕೋಟೆಗೋಡೆಯಿದ್ದಂತೆ. ಅದು ತಕ್ಕಮಟ್ಟಿಗೆ ಒಣಗಿದ್ದು, ತುಸು ಆಮ್ಲೀಯವಾಗಿರುವವರೆಗೆ ಸೂಕ್ಷ್ಮಜೀವಿಗಳು ಒಳಗೆ ನುಗ್ಗಲಾರವು. ಎರಡು ಚರ್ಮಗಳು ಒಂದಕ್ಕೊಂದು ಒತ್ತಿಕೊಂಡಿರುವ ಕಡೆ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ, ಶಾಖ ಹೊರಹೋಗುವುದಿಲ್ಲ. ನೀರಿನಲ್ಲಿ ಬಹಳ ಹೊತ್ತು ನೆನೆದ ಬೆರಳ ತುದಿಯಂತೆ ಅಲ್ಲಿಯ ಹೊರಪದರ ಬೆಳ್ಳಗೆ ಉಬ್ಬಿ ಮೆತ್ತಗಾಗುತ್ತದೆ. ಅಂಥ ಮೆತ್ತನೆಯ ಚರ್ಮ ನಡೆಯುವಾಗ, ಬಾಗುವಾಗ ಪರಸ್ಪರ ತಿಕ್ಕಿ ಕೆಂಪಾಗುತ್ತದೆ, ಉರಿಯುತ್ತದೆ. ಇದು ಮೊದಲನೆಯ ಹಂತ. ಇಲ್ಲಿ ಇನ್ನೂ ಸೋಂಕಿಲ್ಲ. ಒಣಗಿಸಿದರೆ ಸಾಕು, ಗುಣವಾಗುತ್ತದೆ.

ಈ ಹಂತವನ್ನು ಅಲಕ್ಷಿಸಿದರೆ ಬಿರುಕುಬಿಟ್ಟ ಗೋಡೆಯೊಳಗೆ ಶಿಲೀಂಧ್ರವೂ ಬ್ಯಾಕ್ಟೀರಿಯವೂ ಸೇರಿಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದುದು ಕ್ಯಾಂಡಿಡಾ ಎಂಬ ಯೀಸ್ಟ್. ಅದು ಅನೇಕ ಆರೋಗ್ಯವಂತರ ಬಾಯಿ ಮತ್ತು ಕರುಳುಗಳಲ್ಲಿ ಉಪದ್ರವವಿಲ್ಲದೆ ವಾಸವಾಗಿರುವಂಥದು. ತೇವ, ಶಾಖ, ಸಕ್ಕರೆ ಈ ಮೂರೂ ಒದಗಿದಾಗ ಅದು ವಿಪರೀತವಾಗಿ ವೃದ್ಧಿಸುತ್ತದೆ.

ಯಾರಿಗೆ ಹೆಚ್ಚು?

ಸ್ಥೂಲಕಾಯರು, ಮಧುಮೇಹಿಗಳು, ಗರ್ಭಿಣಿಯರು, ಎಳೆಯ ಶಿಶುಗಳು, ಹಾಸಿಗೆ ಹಿಡಿದ ವೃದ್ಧರು, ಮೂತ್ರದ ಹತೋಟಿ ತಪ್ಪಿದವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ವೃತ್ತಿಯಿಂದಲೂ ಇದು ಬರುತ್ತದೆ. ಉಪಾಹಾರಗೃಹದ ಅಡಿಗೆಮನೆಯಲ್ಲಿ ಒದ್ದೆ ನೆಲದ ಮೇಲೆ ದಿನವಿಡೀ ನಿಲ್ಲುವ ನಮ್ಮ ಎಷ್ಟೋ ಬಾಂಧವರ ಕಾಲ್ಬೆರಳುಗಳ ಸಂದು ಬೆಳ್ಳಗೆ ಕೊಳೆತಂತಿರುತ್ತದೆ. ಕಚೇರಿಯಲ್ಲಿ ಹತ್ತು ಗಂಟೆ ಬೂಟು ಬಿಚ್ಚದೆ ಕೂರುವ ನಮ್ಮಂಥವರ ಸ್ಥಿತಿಯೂ ಅದಕ್ಕಿಂತ ಮೇಲಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಮಡಿಕೆಗಳಲ್ಲಿ ಮತ್ತೆ ಮತ್ತೆ ಮರುಕಳಿಸುವ ಕೆಂಪು ಕೆಲವೊಮ್ಮೆ ಈ ರೋಗದ ಮೊದಲ ಸುಳಿವಾಗಿರುತ್ತದೆ. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿ ಕಂಡು, ಮರುಪರೀಕ್ಷೆಯಲ್ಲಿಯೂ ಅದೇ ಖಚಿತವಾದರೆ ಮಧುಮೇಹವೆಂದು ತಿಳಿಯಬೇಕು. ಆದ್ದರಿಂದ ಇಂಥ ರೋಗಿ ಮನೆಯಲ್ಲಿದ್ದರೆ ಈ ಸಣ್ಣ ಪರೀಕ್ಷೆಯನ್ನು ತಪ್ಪದೆ ಮಾಡಿಸುವುದು ವಿವೇಕ.

ಎಲ್ಲ ಕೆಂಪೂ ಒಂದೇ ಅಲ್ಲ

ನೋಡುವವರಿಗೆ ಎಲ್ಲವೂ ಬರಿಯ ಕೆಂಪಾಗಿ ಕಂಡರೂ, ಅದರ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಸ್ಥೂಲವಾಗಿ ಅವನ್ನು ಹೀಗೆ ಗುರುತಿಸಬಹುದು.

1. ಬರಿಯ ತಿಕ್ಕಾಟದ ಕೆಂಪು: ಮಡಿಕೆಯ ಎರಡೂ ಬದಿಗಳಲ್ಲಿ, ಕನ್ನಡಿಯ ಪ್ರತಿಬಿಂಬದಂತೆ ಸಮನಾಗಿರುತ್ತದೆ. ಉರಿ ಹೆಚ್ಚು.

2. ಕ್ಯಾಂಡಿಡಾ: ಗಾಢವಾದ, ಹಸಿಹಸಿಯಾದ ಕೆಂಪು. ಅದರ ಅಂಚಿನಾಚೆ ಚಿಕ್ಕ ಚಿಕ್ಕ ಕೆಂಪು ಗುಳ್ಳೆಗಳು, ಊರಿನ ಸುತ್ತಣ ಕೇರಿಗಳಂತೆ ಚದುರಿರುತ್ತವೆ. ಗಂಡಸರಲ್ಲಿ ವೃಷಣಕೋಶದ ಚರ್ಮಕ್ಕೂ ಹಬ್ಬಬಹುದು.

3. ಗಜಕರ್ಣ ಅಥವಾ ಹುಳುಕಡ್ಡಿ: ಇದೂ ಶಿಲೀಂಧ್ರವೇ, ಆದರೆ ಬೇರೆ ಜಾತಿಯದು. ಅಂಚು ಉಬ್ಬಿ ಬಳೆಯಾಕಾರದಲ್ಲಿ ಹರಡುತ್ತದೆ, ನಡುಭಾಗ ತಿಳಿಯಾಗುತ್ತದೆ. ತೊಡೆಸಂದಿನಿಂದ ತೊಡೆಯ ಒಳಬದಿಗೆ ಇಳಿಯುತ್ತದೆ; ಸಾಮಾನ್ಯವಾಗಿ ವೃಷಣಕೋಶವನ್ನು ಬಿಟ್ಟುಬಿಡುತ್ತದೆ. ಮನೆಯವರಿಗೆಲ್ಲ ಅಂಟಬಲ್ಲದು.

4. ಎರಿತ್ರಾಸ್ಮ: ಬ್ಯಾಕ್ಟೀರಿಯದಿಂದ ಬರುವ, ನವೆ ಅಷ್ಟಾಗಿ ಇಲ್ಲದ ಕಂದುಗೆಂಪು ಮಚ್ಚೆ. ವುಡ್ಸ್ ದೀಪವೆಂಬ ನೇರಳಾತೀತ ಬೆಳಕಿನಲ್ಲಿ ಹವಳದ ಬಣ್ಣದಲ್ಲಿ ಹೊಳೆಯುತ್ತದೆ.

5. ಸೋರಿಯಾಸಿಸ್: ಮಡಿಕೆಗಳಲ್ಲಿ ಇದು ಎಂದಿನ ಬೆಳ್ಳಿಹೊಟ್ಟನ್ನು ತೋರದೆ ನುಣುಪಾಗಿ ಹೊಳೆಯುವ ಕೆಂಪಾಗಿ ಕಾಣುತ್ತದೆ.

ಈ ಐದಕ್ಕೂ ಮದ್ದು ಒಂದೇ ಅಲ್ಲ. ಇನ್ನು ಬೆವರುಸಾಲೆಯೆಂಬುದು ಇವೆಲ್ಲಕ್ಕಿಂತ ಬೇರೆ. ಬೆವರಿನ ನಾಳಗಳು ಕಟ್ಟಿ ಸಾಸಿವೆಕಾಳಿನಂತಹ ಗುಳ್ಳೆಗಳು ಬೆನ್ನು, ಎದೆ, ಕುತ್ತಿಗೆಗಳಲ್ಲಿ ಏಳುವುದಕ್ಕೆ ಆ ಹೆಸರು.

ಟ್ಯೂಬಿನೊಳಗಿನ ಅಪಾಯ

ಸ್ಟಿರಾಯ್ಡ್ ಮುಲಾಮು ಕೆಟ್ಟ ಔಷಧವಲ್ಲ. ತಕ್ಕ ರೋಗಕ್ಕೆ, ತಕ್ಕ ಅವಧಿಗೆ ವೈದ್ಯರು ಕೊಟ್ಟಾಗ ಅದು ಉಪಕಾರಿಯೇ ಸರಿ. ಆದರೆ ಅದು ಶರೀರದ ಪ್ರತಿಭಟನೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಕಳ್ಳನನ್ನು ಹಿಡಿಯದೆ, ಬೊಗಳುವ ನಾಯಿಯ ಬಾಯನ್ನು ಕಟ್ಟಿದಂತೆ. ನವೆ ನಿಂತಿತೆಂದು ರೋಗಿ ಹಿಗ್ಗುತ್ತಿರುವಾಗ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ.

ಮಡಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವಿಜ್ಞಾನಿಗಳು ಹೈಡ್ರೊಕಾರ್ಟಿಸೋನನ್ನು ಶರೀರದ ವಿವಿಧ ಭಾಗಗಳಿಗೆ ಹಚ್ಚಿ ಅಳೆದಾಗ, ಮುಂದೋಳಿನ ಚರ್ಮಕ್ಕಿಂತ ಕಂಕುಳಿನ ಚರ್ಮ ಅದನ್ನು 3.6 ಪಟ್ಟು, ವೃಷಣಕೋಶದ ಚರ್ಮ 42 ಪಟ್ಟು ಹೀರಿಕೊಳ್ಳುವುದು ಕಂಡುಬಂತು. ಸಂದುಗಳಿಗೆ ತೀವ್ರವಾದ ಸ್ಟಿರಾಯ್ಡನ್ನು ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಗೀರುಗಳಂತಹ ಅಳಿಯದ ಗುರುತುಗಳು ಏಳುವುದು ಈ ಕಾರಣದಿಂದ.

ಸ್ಟಿರಾಯ್ಡ್, ಶಿಲೀಂಧ್ರನಾಶಕ, ಬ್ಯಾಕ್ಟೀರಿಯನಾಶಕ ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ‘ಎಲ್ಲಕ್ಕೂ ಆಗುತ್ತದೆ’ ಎಂದು ಕೊಡುವ ಪರಿಪಾಠ ನಮ್ಮ ದೇಶದಲ್ಲಿ ಬೇರೂರಿದೆ. ಇದನ್ನು ತಡೆಯಲೆಂದೇ 2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಔಷಧ ನಿಯಮಗಳ ‘ಷೆಡ್ಯೂಲ್ ಎಚ್’ ಪಟ್ಟಿಗೆ ತಂದು, ವೈದ್ಯರ ಚೀಟಿಯಿಲ್ಲದೆ ಮಾರದಂತೆ ವಿಧಿಸಿತು. ಇತ್ತ ರೋಗವೂ ಹಟಮಾರಿಯಾಗಿದೆ. ಭಾರತ, ನೇಪಾಳಗಳ ರೋಗಿಗಳಲ್ಲಿ ಕಂಡ ಗಜಕರ್ಣದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟೀನಿಯೆ’ ಎಂದು ಹೆಸರಿಡಲಾಯಿತು. ಬಳಕೆಯಲ್ಲಿರುವ ಟರ್ಬಿನಾಫಿನ್ ಔಷಧಕ್ಕೆ ಅದು ಅನೇಕ ವೇಳೆ ಬಗ್ಗುವುದಿಲ್ಲ.

ಆದ್ದರಿಂದ ವಾಚಕರು ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಇವು ಸ್ಟಿರಾಯ್ಡುಗಳ ಹೆಸರುಗಳು. ಸಾಲಪತ್ರವನ್ನು ಓದದೆ ಯಾರೂ ರುಜು ಹಾಕುವುದಿಲ್ಲ. ಮೈಗೆ ಹಚ್ಚುವ ಮದ್ದಿಗೂ ಅಷ್ಟು ಎಚ್ಚರ ಸಲ್ಲಬೇಕು.

ತಡೆಯುವ ಬಗೆ

ಇಲ್ಲಿ ಮುಖ್ಯ ಸೂತ್ರ ಒಂದೇ: ಮಡಿಕೆ ಒಣಗಿರಲಿ, ತಿಕ್ಕಾಟ ತಗ್ಗಲಿ.

1. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಸಾಕು. ಒರಟು ನಾರಿನಿಂದ ಉಜ್ಜಬಾರದು. ಸಾಬೂನು ಮಡಿಕೆಯಲ್ಲಿ ಉಳಿಯದಂತೆ ತೊಳೆಯಬೇಕು.

2. ಮೈಯನ್ನು ತಿಕ್ಕಿ ಒರೆಸದೆ ಒತ್ತಿ ಒರೆಸಬೇಕು. ಮಡಿಕೆಗಳನ್ನು ಬಿಡಿಸಿ, ಐದು ನಿಮಿಷ ಫ್ಯಾನಿನ ಗಾಳಿಗೆ ಒಡ್ಡಿ, ಅನಂತರವೇ ಬಟ್ಟೆ ಉಡಬೇಕು. ಬೆಳಗಿನ ಗಡಿಬಿಡಿಯಲ್ಲಿ ನಾವೆಲ್ಲರೂ ತಪ್ಪುವುದು ಇಲ್ಲಿಯೇ.

3. ಸ್ತನಗಳ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ ಹಳೆಯ ಮೆತ್ತನೆಯ ಪಂಚೆಯ ಅಥವಾ ಮಲ್ ಬಟ್ಟೆಯ ಶುಭ್ರವಾದ ತುಂಡನ್ನು ಚರ್ಮ ಚರ್ಮಕ್ಕೆ ತಾಗದಂತೆ ಇಟ್ಟುಕೊಳ್ಳಬಹುದು. ಒದ್ದೆಯಾದೊಡನೆ ಬದಲಿಸಬೇಕು, ಒದ್ದೆ ಬಟ್ಟೆಯನ್ನು ಹಾಗೇ ಬಿಟ್ಟರೆ ಇಟ್ಟುದೇ ಕೇಡು.

4. ಒಳಉಡುಪು ಹತ್ತಿಯದಾಗಿರಲಿ, ಬಿಗಿಯಾಗಿರದಿರಲಿ. ಸೆಕೆಗಾಲದಲ್ಲಿ ದಿನಕ್ಕೆ ಎರಡು ಬಾರಿ ಬದಲಿಸುವುದು ಲೇಸು. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆಗೆ ಒಳಹೊರಗೆ ಇಸ್ತ್ರಿ ಮಾಡಿ ತೇವವನ್ನು ತೆಗೆಯಬೇಕು.

5. ಮಳೆಯಲ್ಲಿ ನೆನೆದು ಕಚೇರಿ ಸೇರುವವರು ಒಂದು ಜೊತೆ ಒಣಗಿದ ಕಾಲುಚೀಲವನ್ನೂ ಚಪ್ಪಲಿಯನ್ನೂ ಮೇಜಿನ ಕೆಳಗೆ ಇರಿಸಿಕೊಳ್ಳಲಿ. ಕಾಲ್ಬೆರಳುಗಳ ಸಂದನ್ನು ಒಂದೊಂದಾಗಿ ಒರೆಸಲಿ.

6. ಟವೆಲು ಪ್ರತಿಯೊಬ್ಬರಿಗೂ ಬೇರೆಯಿರಲಿ. ಸಣ್ಣ ಮನೆಗಳಲ್ಲಿ ಇದು ಕಷ್ಟವೆನಿಸಿದರೂ, ಗಜಕರ್ಣ ಮನೆಯೆಲ್ಲ ಸುತ್ತುವುದಕ್ಕೆ ಒಂದು ದಾರಿ ಟವೆಲೇ.

7. ಸುಗಂಧದ ಪೌಡರನ್ನು ಮಡಿಕೆಗಳಿಗೆ ಸುರಿಯುವ ವಾಡಿಕೆ ನಮ್ಮಲ್ಲಿ ಬಹಳ. ಬೆವರಿನಲ್ಲಿ ಅದು ಗಂಟುಗಂಟಾಗಿ ಮತ್ತಷ್ಟು ತಿಕ್ಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಶಿಶುಗಳಿಗೆ ಪೌಡರ್ ಬೇಡವೇ ಬೇಡ. ಅದರ ಧೂಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ.

8. ಶಿಶುವಿನ ಕುತ್ತಿಗೆಯ ಮಡಿಕೆಯಲ್ಲಿ ಹಾಲೂ ಜೊಲ್ಲೂ ನಿಲ್ಲುತ್ತವೆ. ಪ್ರತಿ ಸಲ ಹಾಲುಣಿಸಿದ ಮೇಲೆ ಮೆಲ್ಲನೆ ಒರೆಸಬೇಕು. ಎಣ್ಣೆ ತಿಕ್ಕಿ ಎರೆಯುವ ಮನೆಗಳಲ್ಲಿ ಮಡಿಕೆಯೊಳಗೆ ಎಣ್ಣೆಯ ಜಿಡ್ಡು ಉಳಿಯದಂತೆ ನೋಡಿಕೊಳ್ಳಬೇಕು. ಹಾಸಿಗೆ ಹಿಡಿದ ಹಿರಿಯರನ್ನು ಮಗ್ಗುಲು ಬದಲಿಸುವಾಗಲೆಲ್ಲ ಅವರ ಮಡಿಕೆಗಳನ್ನು ಬಿಡಿಸಿ ನೋಡಬೇಕು.

9. ಸ್ಥೂಲಕಾಯರು ತೂಕವನ್ನು ತಗ್ಗಿಸಿದರೆ ಮಡಿಕೆಯ ಒತ್ತಡವೂ ತಿಕ್ಕಾಟವೂ ತಗ್ಗುತ್ತವೆ. ಮಧುಮೇಹಿಗಳಿಗೆ ಸಕ್ಕರೆಯ ಹತೋಟಿಯೇ ಅರ್ಧ ಚಿಕಿತ್ಸೆ.

ತಣಿಸುವ ಬಗೆ

ಕೆಂಪು ಆಗಲೇ ಎದ್ದಿದ್ದರೆ ಮೊದಲು ಉರಿಯನ್ನು ಆರಿಸಬೇಕು. ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡಿ, ಹತ್ತು ಹದಿನೈದು ನಿಮಿಷ ಆ ಭಾಗದ ಮೇಲಿಡಬೇಕು. ದಿನಕ್ಕೆ ಎರಡು ಮೂರು ಬಾರಿ ಹೀಗೆ ಮಾಡಬಹುದು. ಮಂಜುಗಡ್ಡೆಯನ್ನು ನೇರವಾಗಿ ಒತ್ತಬಾರದು. ಅನಂತರ ಪೂರ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಸವರಬೇಕು. ಅದು ತೇವ ಮತ್ತು ತಿಕ್ಕಾಟಗಳಿಂದ ಚರ್ಮವನ್ನು ಕಾಯುವ ಮರೆ. ಬರಿಯ ತಿಕ್ಕಾಟದ ಕೆಂಪು ಇಷ್ಟರಿಂದಲೇ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಕ್ಯಾಂಡಿಡಾ ಇದ್ದಲ್ಲಿ ಸ್ಟಿರಾಯ್ಡ್ ಬೆರೆಯದ ಕ್ಲೋಟ್ರಿಮಾಜೋಲ್ ಅಥವಾ ಮೈಕೊನಾಜೋಲಿನಂತಹ ಶಿಲೀಂಧ್ರನಾಶಕವನ್ನು ದಿನಕ್ಕೆರಡು ಬಾರಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಚ್ಚಲು ವೈದ್ಯರು ಹೇಳುತ್ತಾರೆ. ನವೆ ನಿಂತಿತೆಂದು ನಾಲ್ಕನೆಯ ದಿನವೇ ನಿಲ್ಲಿಸಿದರೆ ರೋಗದ ಬೇರು ಉಳಿಯುತ್ತದೆ. ಹೇಳಿದ ಅವಧಿಯನ್ನು ಪೂರೈಸಲೇಬೇಕು.

ಕಿತ್ತ ಚರ್ಮಕ್ಕೆ ನಿಂಬೆರಸ, ಬೆಳ್ಳುಳ್ಳಿ, ಸುಣ್ಣ, ಕರ್ಪೂರ, ನೀರು ಬೆರೆಸದ ಕ್ರಿಮಿನಾಶಕ ದ್ರಾವಣ, ತಂಪೆನಿಸುವ ನೋವಿನ ಮುಲಾಮು, ಇವಾವುವನ್ನೂ ತಾಗಿಸಬಾರದು. ಒಣಚರ್ಮಕ್ಕೆ ಹಿತವಾದ ಕೊಬ್ಬರಿ ಎಣ್ಣೆಯೂ ಮಡಿಕೆಯಲ್ಲಿ ತೇವವನ್ನು ಹಿಡಿದಿಡುತ್ತದೆ.

ವೈದ್ಯರಲ್ಲಿಗೆ ಯಾವಾಗ?

ಜ್ವರ ಬಂದರೆ, ಕೆಂಪು ಬೇಗ ಬೇಗ ಹರಡಿ ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಕಂಡರೆ ಅದೇ ದಿನ ಹೋಗಬೇಕು. ಬಿರುಕಿನ ಮೂಲಕ ಬ್ಯಾಕ್ಟೀರಿಯ ಆಳಕ್ಕಿಳಿದಿರುವ ಲಕ್ಷಣವಿದು. ಮಧುಮೇಹಿಗಳ ಕಾಲಿನಲ್ಲಿ ಬಲು ಅಪಾಯಕಾರಿ. ಶಿಶುವಿನ ಕುತ್ತಿಗೆ ಕಡುಗೆಂಪಾಗಿ ವಾಸನೆ ಬರುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಒಂದೆರಡು ವಾರಗಳಲ್ಲಿ ಇಳಿಯದ, ಇಳಿದು ಮರುಕಳಿಸುವ, ಬಳೆಯಾಕಾರದಲ್ಲಿ ಹಬ್ಬುವ ಕೆಂಪನ್ನೂ ತೋರಿಸಲೇಬೇಕು. ಹೋಗುವಾಗ ಅದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಕೊಂಡೊಯ್ಯಿರಿ. ತಿಂಗಳುಗಟ್ಟಲೆ ಹಚ್ಚಿದ ಸ್ಟಿರಾಯ್ಡನ್ನು ನಿಲ್ಲಿಸುವ ಕ್ರಮವನ್ನೂ ಅವರೇ ಹೇಳಬೇಕು.

ಕೊನೆಯ ಮಾತು

ಈ ರೋಗದ ಮೂಲ ಬೆವರಾದರೆ, ಅದು ಬೆಳೆಯುವುದು ಸಂಕೋಚದಿಂದ. ಜ್ವರ ಬಂದರೆ ಮನೆಮಂದಿಗೆಲ್ಲ ಸಾರುವ ನಾವು ತೊಡೆಸಂದಿನ ಹುಣ್ಣನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತೇವೆ. ನಮ್ಮ ತಾಯಂದಿರು ಸೆರಗಿನ ಮರೆಯಲ್ಲಿ ಎಷ್ಟೋ ನೋವನ್ನು ನುಂಗಿ, "ಏನಿಲ್ಲಪಾ" ಎಂದು ಬಿಡುತ್ತಾರೆ. ಆ "ಏನಿಲ್ಲ"ವನ್ನು ನಂಬಿ ಅಂಗಡಿಗೆ ಹೋದವನು ನಾನು. ಮಗ ಕೇಳಲಾರದ್ದನ್ನು ಸೊಸೆ ಕೇಳಬಹುದು, ಮಗಳು ಕೇಳಬಹುದು. ಯಾರೂ ಇಲ್ಲದಿದ್ದರೆ ಮಗನೇ ಕೇಳಬೇಕು. ಎಲ್ಲಿ ಎದ್ದಿದೆ, ಎಂದಿನಿಂದ ಇದೆ, ಏನು ಹಚ್ಚಿದಿರಿ, ಈ ಮೂರು ಪ್ರಶ್ನೆಗಳನ್ನು ನಾನು ಮೊದಲ ದಿನವೇ ಕೇಳಿದ್ದರೆ ನಮ್ಮ ತಾಯಿಯವರ ಆ ಆರು ವಾರಗಳ ಯಾತನೆ ತಪ್ಪುತ್ತಿತ್ತು.

ಮುಂದಿನ ಮಳೆಗಾಲ ಬರುವ ಮೊದಲು ವಾಚಕರು ತಮ್ಮ ತಮ್ಮ ಮನೆಗಳ ಹಿರಿಯರನ್ನು ಈ ಮೂರು ಪ್ರಶ್ನೆಗಳನ್ನು ಕೇಳುವಂತಾದರೆ ಈ ಲೇಖನ ಸಾರ್ಥಕವಾಯಿತೆಂದು ಭಾವಿಸುತ್ತೇನೆ.